ಮಂಜೇಶನ ಸರದಿ

ಫೋನಿನ ಪರದೆಯಲ್ಲಿ ಐದು-ಐದರ ಬಿಲ್ಲೆ ಬಂದು ಸಾಲಿಗೆ ಅಡ್ಡವಾಗಿ ಕೂತ ಮೇಲೆಯೇ ಪ್ರಮೋದಾ ಊಟದ ಡಬ್ಬಿಯ ಮುಚ್ಚಳ ತೆಗೆದದ್ದು. ಬಿಲ್ಲೆ ಬಿತ್ತೆಂದರೆ ಮಂಜೇಶ ಕೂತಿದ್ದಾನೆ. ಕಣ್ಣು ಬಿಟ್ಟುಕೊಂಡು, ಕೈಯಲ್ಲಿ ಫೋನು ಹಿಡಿದುಕೊಂಡು, ದೊಡ್ಡಬಳ್ಳಾಪುರದ ಮನೆಯಲ್ಲಿ ಕೂತಿದ್ದಾನೆ. ಅವಳು ಮೊದಲ ತುತ್ತು ಬಾಯಿಗಿಟ್ಟುಕೊಂಡು, ತನ್ನ ಬಿಲ್ಲೆಗಳಲ್ಲಿ ಐದು ಚುಕ್ಕಿ ಇರುವುದನ್ನು ಹುಡುಕಿದಳು.

ಊರಾಚೆ ಕೈಗಾರಿಕಾ ಪ್ರದೇಶದ ಒಂದು ಗೋಡೌನಿನ ಆಫೀಸಿನಲ್ಲಿ ಅವಳಿಗೆ ಕೆಲಸ. ಊಟದ ಬಿಡುವು ಮುಕ್ಕಾಲು ಗಂಟೆ. ಅಷ್ಟರಲ್ಲಿ ಮನೆಗೆ ಹೋಗಿ ಬರಲಾಗದು, ಆದರೆ ಗಂಡನ ಜೊತೆ ಒಂದು ಆಟ ಡಾಮಿನೋ ಆಡಬಹುದು. ಎರಡು ತಿಂಗಳಿಂದ ಒಂದು ದಿನವೂ ತಪ್ಪಿಸದೆ ಆಡುತ್ತಿದ್ದಳು.

ಮನೆಯ ಹಿಂದಿನ ಶೆಡ್ಡಿನಲ್ಲಿದ್ದ ಎರಡೂ ಮಗ್ಗಗಳನ್ನು ಗುಜರಿಯವರು ತುಂಡು ಮಾಡಿ ಟೆಂಪೊಗೆ ಹೇರಿಕೊಂಡು ಹೋದ ಮೇಲೆ ಮಂಜೇಶ ಮಾತು ಬಿಟ್ಟಿದ್ದ. ಯುಗಾದಿ ಕಳೆದು ಹದಿನೈದು ದಿನಕ್ಕೆ ಜೀವ ಕಳೆದುಕೊಳ್ಳಲು ಹೋದ. ಪಕ್ಕದ ಮನೆಯ ಮುನಿವೆಂಕಟಮ್ಮ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದದ್ದರಿಂದ ಉಳಿದ. "ಒಬ್ಬರನ್ನೇ ಬಿಡಬೇಡಿ" ಎಂದಿದ್ದರು ಡಾಕ್ಟರು. ಪ್ರಮೋದಾ ಒಳಬಾಗಿಲುಗಳ ಚಿಲಕಗಳನ್ನೆಲ್ಲ ಬಿಚ್ಚಿಸಿದಳು. ಇದ್ದಬದ್ದ ರಜೆಯೆಲ್ಲ ಮುಗಿದ ಮೇಲೆ, ಹಗಲು ಒಂದು ಕಣ್ಣಿಟ್ಟಿರಲು ಮುನಿವೆಂಕಟಮ್ಮನಿಗೆ ಹೇಳಿ ಕೆಲಸಕ್ಕೆ ಬಂದು, ಗಂಟೆಗೊಮ್ಮೆ ಫೋನು ಮಾಡತೊಡಗಿದಳು.

"ಇದೀನಿ ಕಣೇ," ಎನ್ನುತ್ತಿದ್ದ ಅವನು. "ಸ್ಟೇಷನ್‌ಗೆ ಹೋಗಿ ಸೈನ್ ಹಾಕೋ ರೌಡಿ ಥರ ಆಯ್ತು ನನ್ ಬಾಳು."

ಆಗ ಪಕ್ಕದ ಮೇಜಿನ ಅಕ್ಷತ ಈ ಆಟ ತೋರಿಸಿಕೊಟ್ಟಿದ್ದಳು. ಒಂದು ಭಾನುವಾರ ಪ್ರಮೋದಾ ಜಗಲಿಯ ಮೇಲೆ ಕೂತು ಗಂಡನಿಗೆ ಕಲಿಸಿದಳು. ಒಟ್ಟು ಇಪ್ಪತ್ತೆಂಟು ಬಿಲ್ಲೆ. ಪ್ರತಿ ಬಿಲ್ಲೆಗೂ ಎರಡು ಮನೆ, ಒಂದೊಂದು ಮನೆಯಲ್ಲಿ ಸೊನ್ನೆಯಿಂದ ಆರರವರೆಗೆ ಚುಕ್ಕಿ. ಇಬ್ಬರಿಗೂ ಏಳೇಳು, ಮಿಕ್ಕದ್ದು ರಾಶಿಯಲ್ಲಿ. ಸಾಲಿನ ತುದಿಯಲ್ಲಿ ಎಷ್ಟು ಚುಕ್ಕಿ ಇದೆಯೋ ಅಷ್ಟೇ ಚುಕ್ಕಿಯ ಮನೆಯನ್ನು ಅದಕ್ಕೆ ತಾಗಿಸಬೇಕು. ಇಲ್ಲದಿದ್ದರೆ ರಾಶಿಯಿಂದ ಎತ್ತಿಕೊಳ್ಳಬೇಕು, ರಾಶಿಯೂ ಬರಿದಾಗಿದ್ದರೆ ಸರದಿ ಬಿಡಬೇಕು. ಯಾರ ಕೈ ಮೊದಲು ಖಾಲಿಯಾಗುತ್ತದೋ ಅವರಿಗೆ, ಎದುರಿನವರ ಕೈಯಲ್ಲಿ ಉಳಿದ ಚುಕ್ಕಿಗಳಷ್ಟು ಅಂಕ. ಹೀಗೆ ಸುತ್ತಿನ ಮೇಲೆ ಸುತ್ತು ಆಡುತ್ತ, ಇಬ್ಬರಲ್ಲಿ ಯಾರು ನೂರು ಮುಟ್ಟಿದರೂ ಆಟ ಮುಗಿಯಿತು.

"ಎಳೆ ಕಿತ್ತೋದ ಕಡೆ ಅದೇ ಬಣ್ಣದ ಎಳೆ ಹುಡುಕಿ ಗಂಟು ಹಾಕೋದು. ಅಷ್ಟೇ ತಾನೆ?" ಎಂದಿದ್ದ ಮಂಜೇಶ.

"ಅಷ್ಟೇ ರೀ."

ಎರಡು ಮನೆಯಲ್ಲೂ ಒಂದೇ ಲೆಕ್ಕದ ಚುಕ್ಕಿ ಇರುವ ಜೋಡಿ ಬಿಲ್ಲೆಗಳೆಂದರೆ ಅವನಿಗೆ ಎಲ್ಲಿಲ್ಲದ ಆಸೆ. ಎಷ್ಟು ಹೇಳಿದರೂ ಅವನ್ನು ಕೊನೆಯವರೆಗೂ ಕೈಯಲ್ಲೇ ಇಟ್ಟುಕೊಳ್ಳುತ್ತಿದ್ದ.

"ಅವನ್ನ ಮೊದ್ಲು ಇಳಿಸ್ಬೇಕು ರೀ. ಉಳಿಸ್ಕೊಂಡ್ರೆ ಅಷ್ಟೂ ಚುಕ್ಕಿ ನನ್ ಪಾಲಿಗೆ ಬರುತ್ತೆ."

"ಎರಡು ಕಡೆನೂ ಒಂದೇ ಅಂಚು ನೋಡು. ಇಂಥಾ ಸೀರೆನ ಯಾರಾದ್ರೂ ಮೊದ್ಲೇ ಕೈಬಿಡ್ತಾರಾ?" ಎಂದು ನಕ್ಕಿದ್ದ. ಆಸ್ಪತ್ರೆಯಿಂದ ಬಂದ ಮೇಲೆ ಅವನು ನಕ್ಕಿದ್ದು ಅದೇ ಮೊದಲು.

"ಭಾವಂದು ಸ್ಕೋರ್ ಎಷ್ಟಾಯ್ತಕ್ಕಾ?" ಇವತ್ತೂ ಅಕ್ಷತ ಕುರ್ಚಿ ಎಳೆದುಕೊಂಡು ಬಂದು ಫೋನಿನೊಳಗೆ ಬಗ್ಗಿದಳು.

"ಐವತ್ತೆಂಟು. ನಾನು ನಲವತ್ತು."

"ಅಯ್ಯೋ, ಭಾವ ಪಂಟರಾಗ್ಬಿಟ್ರಲ್ಲ! ಮೊದಮೊದ್ಲು ದಿನಾ ನಿನ್ ಕೈಲಿ ಸೋಲ್ತಿದ್ರು."

"ಈಗ ತುಂಬ ಯೋಚ್ನೆ ಮಾಡಿ ಇಡ್ತಾರೆ ಕಣೇ." ಪ್ರಮೋದಾಳ ದನಿಯಲ್ಲಿ ಸಣ್ಣ ಹೆಮ್ಮೆಯಿತ್ತು. ಪರದೆಯ ಮೇಲೆ ಮಂಜೇಶನ ಪುಟ್ಟ ಫೋಟೊ, ಅದರ ಸುತ್ತ ಹಸಿರು ಗೆರೆ. ಅವನ ಸರದಿ ಬಂದಾಗ ಆ ಗೆರೆ ಕರಗುತ್ತ ಹೋಗುತ್ತದೆ. "ನೋಡು, ಆ ಗೆರೆ ಪೂರ್ತಿ ತೀರೋವರ್ಗೂ ಇಡಲ್ಲ."

ಅಕ್ಷತ ನಕ್ಕಳು. "ಹಂಗಂದ್ರೆ ಭಾವ ಎಲ್ಲೋ ಎದ್ದೋಗವ್ರೆ! ಗೆರೆ ತೀರಿದ್ರೆ ಫೋನೇ ಆಡ್ಕೊಳುತ್ತೆ ಅಕ್ಕಾ. ನಿನ್ನೆ ಹಾಲು ಉಕ್ತೂಂತ ನಾನು ಓಡ್ದೆ, ವಾಪಸ್ ಬಂದ್ರೆ ಗೆದ್ದೇಬಿಟ್ಟಿದೀನಿ ಗುರು!"

"ಇಲ್ಲ ಕಣೇ. ಇಡ್ದೇ ಇದ್ರೆ ಆಟ ನಿಂತೋಗುತ್ತೆ."

"ಯಾರಂದ್ರು?"

ಯಾರೂ ಅಂದಿರಲಿಲ್ಲ. ಪ್ರಮೋದಾ ತಾನೇ ಹಾಗೆಂದುಕೊಂಡಿದ್ದಳು.

ಅವಳು ಪರದೆಯನ್ನೇ ನೋಡಿದಳು. ಗೆರೆ ಕರಗಿ ಕರಗಿ ಮುಗಿಯಿತು, ಬಿಲ್ಲೆ ಬಿತ್ತು. ಅವಳು ಇಟ್ಟಳು. ಮತ್ತೆ ಗೆರೆ ಕೊನೆಯ ಚೂರಿನವರೆಗೂ ಕರಗಿತು, ಬಿಲ್ಲೆ ಬಿತ್ತು. ಎರಡು-ಎರಡು. ಈ ಸುತ್ತಿನಲ್ಲಿ ಅವನ ಕೈಯಿಂದ ಬಂದ ಎರಡನೆಯ ಜೋಡಿ. ಮಂಜೇಶ ಜೋಡಿಗಳನ್ನು ಬಿಟ್ಟುಕೊಡಲು ಕಲಿತು ಎಷ್ಟು ದಿನವಾಯಿತು? ಹತ್ತು? ಹದಿನೈದು? ಮೊನ್ನೆ ಅವಳೇ "ಚೆನ್ನಾಗ್ ಆಡ್ತಿದೀರ" ಎಂದು ಹೊಗಳಿದ್ದಳು.

ಫೋನು ಮಾಡಿದಳು. ಆ ಕಡೆ ರಿಂಗಾಗುತ್ತಿರುವಾಗಲೇ ಅವನ ಹೆಸರಿನಲ್ಲಿ ಇನ್ನೊಂದು ಬಿಲ್ಲೆ ಬಂದು ಕೂತಿತು. ಯಾರೂ ಎತ್ತಲಿಲ್ಲ. ಮುನಿವೆಂಕಟಮ್ಮನಿಗೆ ಮಾಡಿದಳು.

"ನಾನು ಘಾಟಿ ದೇವಸ್ಥಾನಕ್ ಬಂದಿವ್ನಲ್ಲವ್ವಾ, ಮಗಳದು ಹರಕೆ ಇತ್ತು. ಬೆಳಿಗ್ಗೆ ಮಂಜಪ್ಪಂಗೆ ಹೇಳೇ ಬಂದೆ. ಹೋಗ್ಬಾ ಅಮ್ಮ, ನಿಧಾನಕ್ಕೆ ಬಾ ಅಂದ. ಯಾಕವ್ವಾ?"

ಎದ್ದ ರಭಸಕ್ಕೆ ಡಬ್ಬಿ ಉರುಳಿ ಅನ್ನ ನೆಲಕ್ಕೆ ಚೆಲ್ಲಿತು. ಅಕ್ಷತ ಸ್ಕೂಟರಿನ ಕೀ ತೆಗೆದುಕೊಂಡಳು.

ದಾರಿಯುದ್ದಕ್ಕೂ ಪ್ರಮೋದಾ ಹಿಂದೆ ಕೂತು ಆಡುತ್ತಲೇ ಇದ್ದಳು. ಆಟ ಮುಗಿದರೆ ಹೊಸ ಆಟಕ್ಕೆ ಅವನು ಬೆರಳಿನಿಂದ ಒತ್ತಲೇಬೇಕು. ಒತ್ತದೆ ಹೋದರೆ? ಅದನ್ನು ನೋಡುವ ಧೈರ್ಯ ಅವಳಿಗಿರಲಿಲ್ಲ. ಅದಕ್ಕೇ ತನ್ನ ಗೆರೆ ಇನ್ನೇನು ತೀರಿತು ಎನ್ನುವವರೆಗೂ ಕಾದು ಬಿಲ್ಲೆ ಇಡುತ್ತಿದ್ದಳು. ಗೆಲ್ಲಬಾರದು, ಅವನನ್ನೂ ಗೆಲ್ಲಿಸಬಾರದು. ಅವನದು ಎಪ್ಪತ್ತೊಂದಾಯಿತು. ಅವಳದು ಅರವತ್ತಾರು. ರೈಲ್ವೆ ಗೇಟು ಬಿದ್ದಿತ್ತು. ಗೂಡ್ಸು ಗಾಡಿಯ ಡಬ್ಬಿಗಳು ಒಂದರ ಹಿಂದೊಂದು ಹೋಗುತ್ತಲೇ ಇದ್ದವು.

"ಏನೂ ಆಗಿರಲ್ಲ ಅಕ್ಕಾ," ಎಂದಳು ಅಕ್ಷತ. ಗೇಟು ಏಳುವ ಹೊತ್ತಿಗೆ ಮಂಜೇಶನದು ಎಂಬತ್ತೆಂಟಾಗಿತ್ತು.

ಅಕ್ಷತಳನ್ನು ಬೀದಿಯಲ್ಲೇ ಬಿಟ್ಟು ಪ್ರಮೋದಾ ಮನೆಗೆ ಓಡಿದಳು. ಬಾಗಿಲು ಬರಿದೇ ಮುಚ್ಚಿತ್ತು, ಚಿಲಕ ಹಾಕಿರಲಿಲ್ಲ. ನಡುಮನೆಯಲ್ಲಿ ಅವನಿರಲಿಲ್ಲ. ಅಡುಗೆಮನೆಯಲ್ಲಿ ಬೆಳಿಗ್ಗೆ ಬಡಿಸಿ ಮುಚ್ಚಿಟ್ಟ ತಟ್ಟೆ ಮುಚ್ಚಿದ ಹಾಗೇ ಇತ್ತು. ಹಿತ್ತಲಿಗೆ ಓಡಿದಳು. ಶೆಡ್ಡಿನ ಬಾಗಿಲು ತಳ್ಳಿದಳು.

ಮಗ್ಗವಿದ್ದ ಜಾಗದಲ್ಲಿ, ಬೋಲ್ಟು ಕಿತ್ತ ಗುಳಿಗಳ ನಡುವೆ, ಗೋಡೆಗೊರಗಿ ಕೂತಿದ್ದ. ಸ್ನಾನ ಮಾಡಿ ಇಸ್ತ್ರಿ ಅಂಗಿ ಹಾಕಿಕೊಂಡಿದ್ದ. ಎದೆ ಏರಿಳಿಯುತ್ತಿತ್ತು. ಅದನ್ನು ನಾಲ್ಕೈದು ಸಲ ನೋಡಿ ಖಚಿತವಾದ ಮೇಲೆ ಅವಳು ಕಣ್ಣು ಬೇರೆ ಕಡೆ ತಿರುಗಿಸಿದಳು. ಕಿಟಕಿಯ ಕಟ್ಟೆಯ ಮೇಲೆ ಅವನ ಫೋನು ಚಾರ್ಜಿಗೆ ಹಾಕಿತ್ತು. ಅದರ ಪಕ್ಕಕ್ಕೆ ಕೈಗಡಿಯಾರ, ಉಂಗುರ, ಆಧಾರ್ ಕಾರ್ಡು ಸಾಲಾಗಿ ಇದ್ದವು.

"ಇಷ್ಟ್ ಬೇಗ ಯಾಕ್ ಬಂದೆ?" ಎಂದ ಮಂಜೇಶ.

"ಫೋನ್ ಯಾಕ್ರೀ ಎತ್ತಲಿಲ್ಲ?"

"ಆಡ್ತಿದ್ನಲ್ಲ."

"ನೀವಾಡ್ತಿಲ್ಲ."

ಅವನು ಹೇಳಿದ: "ಶುರುವಲ್ಲಿ ಒಂದ್ ಸಲ ಒತ್ತಿದ್ರೆ ಸಾಕು ಪ್ರಮೋದಾ. ಆಮೇಲೆ ನಾನ್ ಇದ್ರೂ ಒಂದೇ, ಇಲ್ದಿದ್ರೂ ಒಂದೇ. ನನಗಿಂತ ಚೆನ್ನಾಗ್ ಆಡುತ್ತೆ. ನೀನೂ ಖುಷಿಯಾಗಿದ್ಯಲ್ಲ."

"ಎಷ್ಟ್ ದಿನದಿಂದ?"

ಅವನು ಗುಳಿಯೊಂದರ ಅಂಚಿನ ಸಿಮೆಂಟನ್ನು ಉಗುರಿನಿಂದ ಕೆರೆಯುತ್ತ ಕೂತ. ಪಕ್ಕದ ಬೀದಿಯಲ್ಲಿ ಯಾರದೋ ಮಗ್ಗಗಳು ಒಂದೇ ಸಮನೆ ಬಡಿದುಕೊಳ್ಳುತ್ತಿದ್ದವು.

ಉಂಗುರದ ವಿಷಯ ಪ್ರಮೋದಾ ಕೇಳಲಿಲ್ಲ. ಕೇಳಿದರೆ ಅವನು ಉತ್ತರ ಹೇಳಿಬಿಡಬಹುದೆಂದು ಹೆದರಿದಳು. ತನ್ನ ಫೋನನ್ನು ಅವನ ಫೋನಿನ ಪಕ್ಕದಲ್ಲಿಟ್ಟು, ನೆಲದ ಮೇಲೆ ಅವನಿಗೆ ಒತ್ತಿಕೊಂಡು ಕೂತು, ಅವನ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ನಾಡಿ ಬೆರಳಿಗೆ ಸಿಕ್ಕಿತು.

"ನಿನ್ ಸರದಿ ತೀರ್ತಾ ಇದೆ ನೋಡು," ಎಂದ ಮಂಜೇಶ.

ಅವಳು ಕೈ ಬಿಡಲಿಲ್ಲ. ಅವಳ ಫೋಟೊದ ಸುತ್ತಲಿನ ಹಸಿರು ಗೆರೆ ಕರಗಿ ಮುಗಿಯಿತು. ಬಿಲ್ಲೆಯೊಂದು ತಾನಾಗಿ ಸರಿದು ಸಾಲಿನ ತುದಿಗೆ ಹೋಗಿ ಕೂತಿತು. ಆಮೇಲೆ ಅವನ ಗೆರೆ ಕರಗಿತು, ಅವನ ಬಿಲ್ಲೆ ಬಿತ್ತು. ಕಿಟಕಿಯ ಕಟ್ಟೆಯ ಮೇಲೆ, ಗಡಿಯಾರ ಉಂಗುರಗಳ ಪಕ್ಕದಲ್ಲಿ, ಎರಡೂ ಫೋನುಗಳು ಒಂದಾದ ಮೇಲೊಂದು ಮಿನುಗುತ್ತ ಆಡಿಕೊಳ್ಳುತ್ತಿದ್ದವು.