ತೋಟ ದಾಟಿದ ಮಂದೆ

“ನಿಮ್ಮ ಕುರಿ ಬಾಯಿಗೆ ಮಣ್ಣು ಹಾಕ, ಮುಂಡೇವಾ. ಕಾವಲನ್ನೆಲ್ಲ ಬೋಳಿಸಿ ಮಡಗಿದೀರಲ್ರೋ. ಸಾಹೇಬ್ರು ಬಂದವ್ರೆ, ಕಣ್ಣು ಕಾಣಕಿಲ್ವಾ? ಅತ್ಲಾಗ್ ಹೊಡೀರಿ.”

ಬೈದವನು ತೆಂಗಿನ ತೋಟದ ಹಾಲಸ್ವಾಮಿ. ಬೈಸಿಕೊಂಡವರು ನಾನು ಮತ್ತು ನನ್ನ ಅತ್ತಿಗೆ ಬೋರಮ್ಮ. ಅಣ್ಣ ಸತ್ತ ಮೇಲೆ ಮಂದೆ ಅವಳದೇ. ನಾನು ಹಿಂದೆ ಕೋಲು ಹಿಡಿದು ನಡೆಯುವವನು. ಹುಳಿಯಾರು ಕಡೆಯ ಆ ಕಾವಲಿನ, ಅಂದರೆ ಸರ್ಕಾರಿ ಹುಲ್ಲುಗಾವಲಿನ, ಹುಲ್ಲು ಬಿಟ್ಟರೆ ನಮ್ಮ ಹಟ್ಟಿಯ ಕುರಿಗಳಿಗೆ ಬೇರೆ ಮೇವಿಲ್ಲ. ಸುತ್ತ ಎಲ್ಲಿ ನೋಡಿದರೂ ತೋಟ, ತೋಟಕ್ಕೆ ತಂತಿಬೇಲಿ.

ಮಣ್ಣು ಪರೀಕ್ಷೆಗೆಂದು ಜೀಪಿನಲ್ಲಿ ಬಂದಿದ್ದ ಸರ್ಕಾರಿ ಅಧಿಕಾರಿ ರವೀಂದ್ರ, ರಸ್ತೆ ಪಕ್ಕದ ತಗ್ಗಿನಲ್ಲಿ ಕಬ್ಬಿಣದ ಕೊಳವೆ ತಿರುವಿ ಮಣ್ಣು ತೆಗೆದು ಚೀಲಗಳಿಗೆ ತುಂಬುತ್ತಿದ್ದ. ಆ ತಗ್ಗು ಹೇಗಾಯಿತೆಂದು ಹಟ್ಟಿಗೆಲ್ಲ ಗೊತ್ತು. ಬೇಸಿಗೆ ಬಂತೆಂದರೆ ಹಾಲಸ್ವಾಮಿಯ ಟ್ರ್ಯಾಕ್ಟರ್ ಅಲ್ಲಿಗೆ ಬರುತ್ತಿತ್ತು. ಹುಲ್ಲನ್ನು ಬೇರು ಸಮೇತ ಎಬ್ಬಿಸಿ, ಮೇಲಿನ ಕಪ್ಪು ಮಣ್ಣನ್ನು ಕೆರೆದು ಅವನ ತೆಂಗಿನ ಬುಡಕ್ಕೆ ಸುರಿಯುತ್ತಿತ್ತು. ಉಳಿದದ್ದು ಕಲ್ಲುಹರಳಿನ ಕೆಂಪು ಗರಸು.

“ನೋಡಮ್ಮ, ಗಾಳೀಲಿರೋ ಇಂಗಾಲವನ್ನ ಹುಲ್ಲು ಎಳ್ಕೊಂಡು ಬೇರಿನಿಂದ ಮಣ್ಣಿಗೆ ಸೇರಿಸುತ್ತೆ,” ಅಂದ ರವೀಂದ್ರ. “ಅದಿದ್ರೇನೇ ಮಣ್ಣಿಗೆ ಕಸುವು. ನಿಮ್ಮ ಕುರಿ ಹುಲ್ಲನ್ನ ಬೇರು ಬಿಡೋಕೇ ಬಿಡಲ್ಲ. ಇಲ್ಲೇನೂ ಉಳಿದಿಲ್ಲ. ಸೋಮವಾರದಿಂದ ಕಾವಲಿಗೆ ಬೇಲಿ. ಮೇಯಿಸೋದು ಬಂದ್.”

“ಇಲ್ಲಿ ಮೇದಿರೋದು ಟ್ರ್ಯಾಕ್ಟರ್ ಕಣಪ್ಪ, ಕುರಿಯಲ್ಲ,” ಅಂದಳು ಅತ್ತಿಗೆ. “ಕುರಿ ನೀರು ಕುಡಿಯೋ ಆ ಕಟ್ಟೆ ಸುತ್ತ ನಾವೇ ತುಳಿಸಿ ಹಾಳು ಮಾಡಿದೀವಿ, ಇಲ್ಲ ಅನ್ನಕಿಲ್ಲ. ಅದ್ನ ಬುಡ್ತೀವಿ, ಹುಲ್ಲು ಏಳೋಗಂಟ ಅತ್ಲಾಗೆ ಹೊಡೆಯಕಿಲ್ಲ. ಆದ್ರೆ ಟ್ರ್ಯಾಕ್ಟರ್ ಹತ್ತದಿರೋ ಆ ದಿಣ್ಣೆ ಮೇಲೂ ಒಂದ್ಸಲ ಕೊಳವೆ ಇಳಿಸಿ ನೋಡು, ಅಲ್ಲೂ ನಮ್ಮ ಕುರೀನೇ ಮೇಯೋದು.”

“ಸಾಹೇಬ್ರಿಗೇ ಏಕವಚನನಾ, ಲೌಡಿ? ಕುರಿ ಹಿಕ್ಕೆ ಬಾಚೋಳು ಮಣ್ಣಿನ ಪಾಠ ಹೇಳ್ತಾಳೆ,” ಅಂದ ಹಾಲಸ್ವಾಮಿ.

ರವೀಂದ್ರ ನಕ್ಕ. ಬಿಸಿಲಿಗೆ ದಿಣ್ಣೆ ಹತ್ತುವ ಮನಸ್ಸು ಅವನಿಗಿರಲಿಲ್ಲ. ಮಣ್ಣಿನ ಚೀಲಗಳನ್ನು ಹಾಲಸ್ವಾಮಿ ಅತ್ತಿಗೆಯ ತಲೆಯ ಮೇಲೆ ಹೊರಿಸಿದ. “ಹಿಂದ್ಗಡೆ ಮಡಗು. ಸೀಟು ಮುಟ್ಬ್ಯಾಡ,” ಅಂದ. ಅವಳು ಹೊತ್ತು ಇಟ್ಟು ಬಂದಳು. ಕುತ್ತಿಗೆಯ ಬೆವರಿಗೆ ಕೆಂಪು ಗರಸು ಅಂಟಿತ್ತು.

ಜೀಪು ಹೋದದ್ದೇ ಹಾಲಸ್ವಾಮಿಯ ದನಿ ಬೆಣ್ಣೆಯಾಯಿತು.

“ಬೋರವ್ವ, ಸಂಜೆ ಮಂದೇನ ತೋಟಕ್ಕೆ ತಂದ್ಬುಡು. ಮರ ಸೊರಗವೆ. ಸೋಮವಾರದ ಮೇಲೆ ನೀವೆಲ್ಲೋ, ನಿಮ್ಮ ಕುರಿ ಎಲ್ಲೋ. ಅಷ್ಟ್ರೊಳ್ಗೆ ಕೆರೆ ಕಡೆ ಸಾಲಾದ್ರೂ ಮುಗಿಸ್ಕೊಡಿ.”

ಮಂದೆ ಹಾಕುವುದು ನಮ್ಮ ಸೀಮೆಯ ಪದ್ಧತಿ. ತೋಟದಲ್ಲಿ ಗೂಟ ನೆಟ್ಟು, ಬಲೆ ಸುತ್ತಿ, ರಾತ್ರಿ ಕುರಿಗಳನ್ನು ಅದರೊಳಗೆ ಮಲಗಿಸುತ್ತೇವೆ. ಹಗಲು ಕಾವಲಿನಲ್ಲಿ ಮೇದದ್ದು ರಾತ್ರಿ ಹಿಕ್ಕೆಯಾಗಿ, ಗಂಜಳವಾಗಿ ತೆಂಗಿನ ಬುಡಕ್ಕೆ ಇಳಿಯುತ್ತದೆ. ಮಾರನೆಯ ದಿನ ಬಲೆ ಮುಂದಕ್ಕೆ ಸರಿಯುತ್ತದೆ. ನಮ್ಮಪ್ಪ ಹಾಕಿದ್ದು ಹಾಲಸ್ವಾಮಿಯ ಅಪ್ಪನ ತೋಟಕ್ಕೆ. ಅದಕ್ಕೆ ಕೊಡುವ ರಾಗಿಯನ್ನು ಆಗಲೂ ಈಗಲೂ ಜಗಲಿಯ ಮೇಲೆ ನಿಂತು, ಕೈ ತಾಗದಂತೆ ಸೆರಗಿಗೆ ಸುರಿಯುತ್ತಾರೆ.

ಸಂಜೆ ತೋಟದ ಗೇಟು ತೆರೆದಿತ್ತು. ರೂಢಿಬಿದ್ದ ಟಗರು ತಾನಾಗಿ ಒಳಕ್ಕೆ ತಿರುಗಿತು. ಅತ್ತಿಗೆ ಅದರ ಕೊಂಬು ಹಿಡಿದು ಈಚೆಗೆಳೆದಳು.

“ಅಕ್ಕ, ಗೇಟು ಇಲ್ಲೈತೆ,” ಅಂದ ತೋಟ ಕಾಯುವ ಆಳು.

“ಕಾಣ್ತದೆ ಕಣ್ಲಾ.”

“ಅತ್ತಿಗೆ, ರಾಗಿ?” ಅಂದೆ ನಾನು. ಮನೆಯಲ್ಲಿ ರಾಗಿ ತುಂಬಿಡುವ ವಾಡೆ ತಳ ಕಂಡಿತ್ತು.

“ಅವನು ಸುರಿಯೋ ರಾಗಿಗೆ ಸೆರಗು ಒಡ್ಡಿ ಒಡ್ಡಿ ಸೊಂಟ ಬಗ್ಗೋಗೈತೆ. ನಡಿ.”

ರಸ್ತೆ ಪಕ್ಕದ ತಗ್ಗಿಗೆ ಇಳಿದೆವು. ಗರಸಿಗೆ ಗೂಟ ಇಳಿಯದು. ಹಾರೆಯಿಂದ ತೂತು ಹೊಡೆದು ನೆಟ್ಟು ಬಲೆ ಕಟ್ಟಿದೆವು. ಕುರಿಗಳು ಬೋಳು ನೆಲ ಮೂಸಿ ನೋಡಿ, ಒಂದೊಂದಾಗಿ ಮಲಗಿದವು.

ಬೆಳಗ್ಗೆ ಟ್ರ್ಯಾಕ್ಟರ್ ಬಂತು. ಬೇಲಿ ಹಾಕುವುದರೊಳಗೆ ಇನ್ನಷ್ಟು ಮಣ್ಣು ಹೊಡೆಯುವ ಅವಸರ. ಮಡ್‌ಗಾರ್ಡ್ ಮೇಲಿಂದ ಹಾಲಸ್ವಾಮಿ ಹಾರಿ ಇಳಿದ.

“ತೋಟಕ್ಕೆ ಬಾ ಅಂದ್ರೆ ಇಲ್ಲಿ ಹಾಕಿದ್ದೀಯಾ? ಯಾರ್ನ ಕೇಳ್ದೆ?”

“ಇದು ನಿಮ್ಮಪ್ಪನ ತೋಟವಾ ಕೇಳಕೆ?” ಅಂದಳು ಅತ್ತಿಗೆ. “ನೀನು ಕೆರೆದಷ್ಟು ನೆಲಕ್ಕೂ ಮಂದೆ ಹಾಕ್ತೀನಿ. ಇಲ್ಲಿ ಹುಲ್ಲು ಏಳೋಗಂಟ ನಿನ್ನ ಮರಕ್ಕೆ ಒಂದು ಹಿಕ್ಕೆ ಇಲ್ಲ.”

“ಸೋಮವಾರ ಬೇಲಿ ಹಾಕ್ತಾರೆ ಕಣೇ.”

“ನಮ್ಮುನ್ನ ಒಳಗಿಟ್ಕಂಡೇ ಹಾಕ್ಲಿ.”

“ಮಂದೆ ಮ್ಯಾಲೇ ಹತ್ತಿಸೋ,” ಎಂದು ಹಾಲಸ್ವಾಮಿ ಡ್ರೈವರಿಗೆ ಕೂಗಿದ. ಡ್ರೈವರ್ ಬಲೆಯೊಳಗಿನ ಮರಿಗಳನ್ನು ನೋಡಿದ, ಧಣಿಯ ಮುಖ ನೋಡಿದ. ಇಂಜಿನ್ ಗುರುಗುಟ್ಟುತ್ತಲೇ ಇತ್ತು. ಕುರಿಗಳು ಎದ್ದು ಒತ್ತೊತ್ತಿಗೆ ನಿಂತವು. ಅವು ಮಲಗಿದ್ದ ಜಾಗ ಒದ್ದೆಯಾಗಿ ಕಪ್ಪಗೆ ಕಾಣುತ್ತಿತ್ತು.

ಅತ್ತಿಗೆ ಕೈ ಚಾಚಿದಳು. ಹಾರೆ ಕೊಟ್ಟೆ. ಅವಳು ಬಲೆ ದಾಟಿ ಹೋಗಿ, ಟ್ರ್ಯಾಕ್ಟರಿನ ಮುಂದಿನ ಚಕ್ರಕ್ಕೆ ಮೊಣಕಾಲು ತಾಗುವಂತೆ ಕುಂತು, ಇನ್ನೊಂದು ಗೂಟಕ್ಕೆ ತೂತು ಹೊಡೆಯತೊಡಗಿದಳು.