ಪೆನಿಯ ಕಾರಿನ ಪೆಡಲ್ ಯಾಕೆ ಇಳಿಯಿತು?

ಚರ್ಚಿನ ಮುಂದಿನ ಇಳಿಜಾರಿನಲ್ಲಿ ಪೆನಿಯ ಕಾರು ನಿಲ್ಲಬೇಕಾದ ಕಡೆ ನಿಲ್ಲಲಿಲ್ಲ. ಹಾಗೇ ಮುಂದಕ್ಕೆ ಉರುಳಿ ಪಾದ್ರಿಯವರ ಹಂದಿದೊಡ್ಡಿಯ ಬೇಲಿಗೆ ಮೂತಿ ತಾಗಿಸಿ ನಿಂತಿತು. ಅದೂ ಪೆನಿ ಹ್ಯಾಂಡ್ ಬ್ರೇಕ್ ಎಳೆದದ್ದರಿಂದ. ಬೇಲಿಯ ಕಂಬವೊಂದು ಮುರಿಯಿತು, ಹಂದಿಗಳು ದಿಕ್ಕಾಪಾಲಾಗಿ ಓಡಿದವು.

"ಕಾಲು ಜಾರ್ತು ಅಷ್ಟೆ," ಎಂದ ಪೆನಿ.

ಪಕ್ಕದಲ್ಲಿ ಕೂತಿದ್ದ ಹೆಂಡತಿ ವೈಮೊವಾನಾ ಅವನ ಕಾಲನ್ನೇ ನೋಡುತ್ತಿದ್ದಳು. ಕಾಲು ಜಾರಿರಲಿಲ್ಲ. ಒತ್ತಿ ಹಿಡಿದ ಹಾಗೇ ಬ್ರೇಕ್ ಪೆಡಲ್ ಮೆಲ್ಲಗೆ ಇಳಿದು ನೆಲ ಮುಟ್ಟಿತ್ತು. ಸುಳ್ಳು ಹೇಳುವಾಗ ಪೆನಿ ಕಿವಿ ಕೆರೆದುಕೊಳ್ಳುತ್ತಾನೆ ಎಂಬುದು ಮೂವತ್ತೊಂದು ವರ್ಷದ ಸಂಸಾರದಲ್ಲಿ ಅವಳಿಗೆ ಗೊತ್ತಿರದ ವಿಷಯವಲ್ಲ.

"ಎಷ್ಟು ದಿನದಿಂದ ಹೀಗೆ?"

"ಒಂದೆರಡು ವಾರ ಇರ್ಬೇಕು. ಬೇಗ ಬೇಗ ಎರಡು ಸಲ ಒತ್ತಿದ್ರೆ ಮೇಲೆ ಬರುತ್ತೆ. ಇದಕ್ಕೆಲ್ಲ ಹೆದರ್ತಾರಾ?"

ಬೇರೆ ವಾರವಾಗಿದ್ದರೆ ವೈಮೊವಾನಾ ಸುಮ್ಮನಾಗುತ್ತಿದ್ದಳೇನೋ. ಆದರೆ ಮಗಳು ಟೈಮಾನೆ ರಾಜಧಾನಿ ಅಪಿಯಾದ ಆಸ್ಪತ್ರೆಯಲ್ಲಿ ಹೆತ್ತು ಮೂರು ದಿನವಾಗಿತ್ತು. ಶನಿವಾರ ಬಾಣಂತಿಯನ್ನೂ ಕೂಸನ್ನೂ ಕರೆತರಬೇಕು. ಅಪಿಯಾಕ್ಕೂ ಅವರ ಊರಿಗೂ ನಡುವೆ ಬೆಟ್ಟವಿದೆ. ಹತ್ತುವುದು ಹೇಗೋ ಆಗುತ್ತದೆ, ಇಳಿಯುವಾಗ ಬ್ರೇಕಿನ ಮೇಲಿಟ್ಟ ಕಾಲು ತೆಗೆಯುವ ಹಾಗಿಲ್ಲ.

ಅವಳು ಗಂಡನನ್ನು ನೇರವಾಗಿ ಲೂಪೆಯ ಶೆಡ್ಡಿಗೆ ಕರೆದುಕೊಂಡು ಹೋದಳು, ಕಾಲ್ನಡಿಗೆಯಲ್ಲಿ. ಲೂಪೆ ಪೆನಿಯ ತಂಗಿ. ಸುತ್ತಲಿನ ನಾಲ್ಕು ಊರಿನ ಗಾಡಿಗಳನ್ನು ರಿಪೇರಿ ಮಾಡುವವಳು. ಅವಳು ಕೈ ಒರೆಸಿಕೊಂಡು ಇಬ್ಬರ ಜೊತೆ ಕಾರಿದ್ದಲ್ಲಿಗೇ ಬಂದಳು.

"ಅಣ್ಣ, ಒಳಗೆ ಕೂತ್ಕೋ. ಎಂಜಿನ್ ಆಫ್ ಇರಲಿ. ನಾಲ್ಕೈದು ಸಲ ಪೆಡಲ್ ಒತ್ತು. ಗಟ್ಟಿಯಾಯ್ತಾ? ಈಗ ಒಂದೇ ಸಮ ಒತ್ತಿ ಹಿಡಿ. ಅತ್ತಿಗೆ ಒಂದು ಚರಣ ಹಾಡಲಿ. ಮುಗಿಯೋವರೆಗೂ ಕಾಲು ತೆಗೀಬೇಡ."

ವೈಮೊವಾನಾ ಭಾನುವಾರದ ಒಂದು ಹಾಡು ಎತ್ತಿಕೊಂಡಳು. ಮೂರನೇ ಸಾಲಿಗೆ ಪೆನಿಯ ಕಾಲು ನೆಲದಲ್ಲಿತ್ತು.

"ಇವಳು ರಾಗ ಎಳೆದಳು," ಎಂದ ಪೆನಿ.

"ಸಂಜೆವರೆಗೆ ಎಳೆದ್ರೂ ಒಳ್ಳೆ ಪೆಡಲ್ ಕದಲಬಾರದು."

ಲೂಪೆ ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿ ನೋಡಿದಳು. ಆಯಿಲ್ ಮೇಲಿನ ಗೆರೆಯವರೆಗೂ ಇತ್ತು. ಪೆನಿಗೆ ಜೀವ ಬಂತು.

"ನೋಡಿದ್ಯಾ? ಒಂದು ಹನಿ ಕಮ್ಮಿಯಾಗಿಲ್ಲ. ಸೋರದೇ ಇದ್ಮೇಲೆ ಕೆಟ್ಟಿರೋದಾದ್ರೂ ಏನು?"

ಲೂಪೆ ಕಾರಿನ ಕೆಳಗೆ ತೂರಿದಳು. ಅಂಗಾತ ಮಲಗಿ ನಾಲ್ಕೂ ಚಕ್ರದ ಒಳಬದಿ, ಪೈಪು, ಕೀಲುಗಳನ್ನೆಲ್ಲ ಬೆರಳಾಡಿಸಿ ನೋಡಿದಳು. ಎಲ್ಲಾ ಒಣಗಿತ್ತು. ಎದ್ದು ಕೂತು ಹೇಳಿದಳು: "ಹೊರಗೆ ಸೋರಿದ್ರೆ ಕಣ್ಣಿಗೆ ಕಾಣೋದು. ಇದು ಒಳಗೊಳಗೇ ಸೋರ್ತಿದೆ. ಸೈಕಲ್ ಪಂಪಿನ ವಾಷರ್ ಸವೆದ್ರೆ ಏನಾಗುತ್ತೆ? ಎಷ್ಟು ಒತ್ತಿದ್ರೂ ಗಾಳಿ ಟ್ಯೂಬಿಗೆ ಹೋಗಲ್ಲ, ಹಿಂದಕ್ಕೇ ನುಗ್ಗುತ್ತೆ. ಪೆಡಲ್ ಒತ್ತಿದಾಗ ಆಯಿಲ್ ತಳ್ಳೋ ಮಾಸ್ಟರ್ ಸಿಲಿಂಡರ್ ಒಳಗಿನ ರಬ್ಬರೂ ಹಾಗೇ ಸವೆದಿದೆ. ನೀನು ಒತ್ತಿದ ಆಯಿಲ್ ಚಕ್ರಕ್ಕೆ ಹೋಗದೆ ಪಕ್ಕದಲ್ಲಿ ನುಸುಳಿ ಬರ್ತಿದೆ. ಇನ್ನು ಡಬ್ಬೀಲಿ ಕಮ್ಮಿ ಹೇಗಾಗುತ್ತೆ?"

"ಬೇಗ ಒತ್ತಿದ್ರೆ ಮೇಲೆ ಬರುತ್ತಲ್ಲ?"

"ಬೇಗ ಒತ್ತಿದ್ರೆ ನುಸುಳೋಕೆ ಪುರುಸೊತ್ತಿರಲ್ಲ. ಬೆಟ್ಟ ಇಳಿಯುವಾಗ ಒತ್ತೇ ಇರ್ಬೇಕಲ್ಲ, ಆಗೇನ್ಮಾಡ್ತೀಯ?"

ಪೆನಿ ಬಗ್ಗಿ ಪೆಡಲನ್ನೊಮ್ಮೆ ನೋಡಿದ. ಆಮೇಲೆ, "ಶನಿವಾರ ಒಂದು ಸಲ ನಿಧಾನಕ್ಕೆ ಹೋಗಿ ಬಂದ್ಬಿಡ್ತೀನಿ. ಸೋಮವಾರ ಬಿಚ್ಚು," ಎಂದ.

ವೈಮೊವಾನಾ ಕಾರಿನ ಬಾಗಿಲು ಹಿಡಿದು ಬಗ್ಗಿದಳು. "ನಿನ್ನ ಕೈ ಮೇಲೆ ನಂಗೆ ನಂಬಿಕೆ ಇದೆ, ಮುದುಕ. ಕಾಲ ಕೆಳಗಿರೋದ್ರ ಮೇಲಿಲ್ಲ. ಹಿಂದಿನ ಸೀಟಲ್ಲಿ ಟೈಮಾನೆ, ಕೂಸು ಇರ್ತಾರೆ. ಬೆಟ್ಟದಲ್ಲಿ ಪೆಡಲ್ ನೆಲ ಮುಟ್ಟಿದ್ರೆ ಅವರಿಗೂ ಕಾಲು ಜಾರ್ತು ಅಂತ ಹೇಳ್ತೀಯಾ?"

ಪೆನಿಯ ಕೈ ಕಿವಿಯ ಹತ್ತಿರ ಹೋಗಿ ವಾಪಸ್ಸು ಬಂತು. ಅವನು ಕೀಲಿ ತೆಗೆದು ತಂಗಿಯ ಅಂಗೈಯಲ್ಲಿಟ್ಟ.

ಬ್ರೇಕಿಲ್ಲದ ಕಾರನ್ನು ಹಗ್ಗ ಕಟ್ಟಿ ಎಳೆಯದೆ, ಊರಿನ ಹತ್ತು ಜನ ಸೇರಿ ಶೆಡ್ಡಿಗೆ ಮೆಲ್ಲಗೆ ತಳ್ಳಿದರು. ಹೊಸ ಸಿಲಿಂಡರ್ ಶುಕ್ರವಾರ ಅಪಿಯಾದ ಬಸ್ಸಿನಲ್ಲಿ ಬಂತು. ಲೂಪೆ ಹಳೆಯದರ ಜೊತೆ ಅಳತೆ, ನಂಬರು ಎರಡನ್ನೂ ತಾಳೆ ನೋಡಿದಳು. ಆಯಿಲ್ ಬಿದ್ದರೆ ಬಣ್ಣ ಕೀಳುತ್ತದೆ ಎಂದು ಸುತ್ತ ಬಟ್ಟೆ ಹಾಸಿದಳು. ಜೋಡಿಸುವ ಮೊದಲೇ ಮೇಜಿನ ಮೇಲಿಟ್ಟು ಅದರೊಳಗಿನ ಗಾಳಿ ತೆಗೆದಳು. ಡಬ್ಬಿಯ ಮುಚ್ಚಳದ ಮೇಲೆ ಯಾವ ಆಯಿಲ್ ಎಂದು ಬರೆದಿತ್ತೋ ಅದನ್ನೇ, ಸೀಲ್ ಒಡೆಯದ ಹೊಸ ಟಿನ್ನಿನಿಂದ ಸುರಿದಳು.

ಚಕ್ರಗಳ ಬ್ರೇಕ್ ಪೈಪಿನಲ್ಲಿ ಸೇರಿದ ಗಾಳಿ ತೆಗೆಯಲು ಮೂವರೂ ಬೇಕಾಯಿತು. ವೈಮೊವಾನಾ ಪೆಡಲ್ ಮೇಲೆ, ಪೆನಿ ಎಲ್ಲಕ್ಕಿಂತ ದೂರದ ಹಿಂದಿನ ಚಕ್ರದ ಹತ್ತಿರ, ಲೂಪೆ ಡಬ್ಬಿ ಬರಿದಾಗದಂತೆ ಕಾಯುತ್ತ.

"ಒತ್ತು," ಎಂದ ಪೆನಿ.

"ಒತ್ತಿದೆ."

ಅವನು ಚಕ್ರದ ಒಳಬದಿಯ ಸಣ್ಣ ಸ್ಕ್ರೂ ಸಡಿಲಿಸಿದ. ಕಪ್ಪು ಆಯಿಲ್ ಗುಳ್ಳೆ ಗುಳ್ಳೆಯಾಗಿ ಕೆಳಗಿಟ್ಟ ಸೀಸೆಗೆ ಬಂತು. ಬಿಗಿದ. "ಈಗ ಬಿಡು."

"ಮೂವತ್ತೊಂದು ವರ್ಷದಲ್ಲಿ ಇವತ್ತೊಂದು ದಿನ ನಾನು ಹೇಳಿದ್ದು ನೀನು ಕೇಳ್ತಿದೀಯ," ಎಂದ ಪೆನಿ ಕೆಳಗಿನಿಂದ.

"ಬಿಗಿಯೋ ಮೊದ್ಲೇ ಕಾಲು ಬಿಡಲಾ?"

"ಬೇಡ ತಾಯಿ, ಗಾಳಿ ಒಳಗೆ ಹೋಗುತ್ತೆ."

ನಾಲ್ಕೂ ಚಕ್ರದಲ್ಲಿ ಗುಳ್ಳೆ ನಿಂತು ತಿಳಿ ಆಯಿಲ್ ಬಂದ ಮೇಲೆ ಎಂಜಿನ್ ಚಾಲೂ ಮಾಡಿದರು. ಒತ್ತಿ ಹಿಡಿದಿದ್ದ ಪೆಡಲ್ ಚೂರು ಇಳಿದು ಅಲ್ಲೇ ಕಲ್ಲಿನಂತೆ ನಿಂತಿತು. "ಎಂಜಿನ್ ಶುರುವಾದಾಗ ಅಷ್ಟು ಇಳಿಯೋದು ಸರಿಯೇ," ಎಂದಳು ಲೂಪೆ. ಮೊದಲು ಅಂಗಳದಲ್ಲಿ, ಆಮೇಲೆ ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ ನೋಡಿ ಕೀಲಿ ಹಿಂದಿರುಗಿಸಿದಳು.

ಶನಿವಾರ ಪೆನಿ ಕೆಳಗಿನ ಗೇರಿನಲ್ಲೇ ಬೆಟ್ಟ ಇಳಿದ. ದಾರಿಯಲ್ಲಿ ಮೂರು ಸಲ ಕಾರು ನಿಲ್ಲಿಸಿದ. ಯಾಕೆ ಎಂದು ಟೈಮಾನೆ ಕೇಳಿದರೆ, "ಬ್ರೇಕ್ ನೋಡ್ತಿದೀನಿ," ಎನ್ನುತ್ತಿದ್ದ. ಆದರೆ ಪ್ರತಿ ಸಲವೂ ಅವನು ತಿರುಗಿ ನೋಡುತ್ತಿದ್ದದ್ದು ಹಿಂದಿನ ಸೀಟಿನಲ್ಲಿ ಬಾಯಿ ತೆರೆದು ಮಲಗಿದ್ದ ಮೊಮ್ಮಗಳನ್ನು. ವೈಮೊವಾನಾ ನೋಡಿಯೂ ನೋಡದವಳಂತೆ ಕೂತಿದ್ದಳು.

ಗಾಡಿ ಓಡಿಸುವ ಅಣ್ಣಂದಿರೇ, ಅಕ್ಕಂದಿರೇ, ನಾಳೆ ಬೆಳಿಗ್ಗೆ ಗಾಡಿ ತೆಗೆಯುವ ಮುನ್ನ, ಎಂಜಿನ್ ಆಫ್ ಇರುವಾಗ, ಬ್ರೇಕ್ ಪೆಡಲನ್ನು ನಾಲ್ಕೈದು ಸಲ ಒತ್ತಿ, ಆಮೇಲೆ ಒಂದು ಚರಣ ಹಾಡುವಷ್ಟು ಹೊತ್ತು ಒತ್ತಿ ಹಿಡಿಯಿರಿ. ಅದು ಇಳಿದರೆ, ಆಯಿಲ್ ತುಂಬಿದ್ದರೂ, ಎರಡು ಸಲ ಒತ್ತಿದಾಗ ಮೇಲೆ ಬಂದರೂ, ಗಾಡಿ ಅಲ್ಲೇ ಇರಲಿ. ಬಲ್ಲವರನ್ನು ಗಾಡಿಯ ಹತ್ತಿರಕ್ಕೇ ಕರೆಸಿ. ನಿಮ್ಮ ಮನೆಯವರು ಒಂದು ದಿನ ತಡವಾಗಿ ಬಂದರೆ ಬರಲಿ, ಕ್ಷೇಮವಾಗಿ ಬರಲಿ.