ನೂರು ಹೆಜ್ಜೆಯ ಬಿಗಿ

ತೆಮಿರ್‌ಕುಲ್ ಅಜ್ಜನ ಸೊಸೆ ಅಸಿಲ್‌ಕಾನ್ ಈ ಸಲ ಬೈಕನ್ನು ಓಡಿಸಿಕೊಂಡು ಬರಲಿಲ್ಲ. ಕುರಿ ಸಾಗಿಸುವವನೊಬ್ಬನ ಲಾರಿಯಲ್ಲಿ ಹಗ್ಗ ಬಿಗಿದು ತಂದಳು. ಅದು ವಾಲದ ಹಾಗೆ ಹ್ಯಾಂಡಲ್ ಹಿಡಿದುಕೊಂಡು ಅಜ್ಜ ಹಿಂದೆ ನಿಂತಿದ್ದ. ಎಪ್ಪತ್ತು ದಾಟಿದವನು, ಮೂರು ಗಂಟೆಯ ಕಲ್ಲುದಾರಿಯನ್ನು ನಿಂತೇ ಬಂದಿದ್ದ.

ನನ್ನ ರಿಪೇರಿ ಅಂಗಡಿ ಇರುವುದು ಕವಲಿನ ಹತ್ತಿರ. ಎಲ್ಲರೂ ನನ್ನನ್ನು ಉಸ್ತಾ, ಅಂದರೆ ಮೇಸ್ತ್ರಿ, ಎನ್ನುತ್ತಾರೆ. ಒಂದು ದಾರಿ ಮೇಲಿನ ಹುಲ್ಲುಗಾವಲಿಗೆ ಹೋಗುತ್ತದೆ, ಇನ್ನೊಂದು ಕೆಳಗಿನ ಊರಿಗೆ. ಬೇಸಿಗೆ ಮುಗಿಯಲು ಇನ್ನೂ ಒಂದೂವರೆ ತಿಂಗಳಿತ್ತು. ಆ ದಿನಗಳಲ್ಲಿ ಮೇಲಿನಿಂದ ಯಾರಾದರೂ ಇಳಿದು ಬಂದರೆ ಒಂದೋ ಕಾಯಿಲೆ, ಇಲ್ಲವೆ ಕೆಟ್ಟ ಗಾಡಿ.

ಅಜ್ಜ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಮನೆಮಂದಿಯನ್ನು, ದನಕುರಿಯನ್ನು ವಿಚಾರಿಸಿ, ನಮ್ಮ ತೀರಿಹೋದ ತಾಯಿಯನ್ನು ಕೂಡ ನೆನೆದು, ಆಮೇಲೆ ವಿಷಯಕ್ಕೆ ಬಂದ. ಬೈಕಿನ ಅಡಿಯಿಂದ ಎಣ್ಣೆ ತೊಟ್ಟಿಕ್ಕುತ್ತಿದೆ. ಗುಡಾರಗಳ ಪಕ್ಕದ ಒರತೆಯ ಮೇಲೆ ಬಣ್ಣದ ಪೊರೆ ಕಟ್ಟಿ, ಕುರಿಗಳು ಮೂತಿ ತಿರುಗಿಸಿವೆ. ನಾಲ್ಕು ಗುಡಾರದವರು ಕುಡಿಯುವ ನೀರು, ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ವಜೂ ಕೂಡ ಅದರಲ್ಲೇ ಮಾಡಬೇಕು. ಅವರೆಲ್ಲರ ಎದುರು ಅಜ್ಜ ಮಾತು ಕೊಟ್ಟಿದ್ದ: ಇನ್ನು ಒಂದು ಹನಿ ಬಿದ್ದರೂ ಬೈಕ್ ಕೆಳಗೆ ಊರಿಗೆ ಇಳಿಯುತ್ತದೆ.

ಬೈಕ್ ಇಳಿದರೆ ಅಸಿಲ್‌ಕಾನಳೂ ಇಳಿಯಬೇಕು. ಎರಡು ವರ್ಷದ ಹಿಂದೆ ಕುದುರೆಯಿಂದ ಬಿದ್ದು ಅವಳ ಸೊಂಟ ಮುರಿದಿತ್ತು. ಅಂದಿನಿಂದ ಕಾಲು ಅಗಲಿಸಿ ಜೀನಿನ ಮೇಲೆ ಕೂರಲಾಗುವುದಿಲ್ಲ. ಬೈಕ್ ಕುದುರೆಗಿಂತ ಸಪೂರ, ಅದರ ಮೇಲೆ ಕೂರುತ್ತಾಳೆ. ನಾನೂರು ಕುರಿಯನ್ನು ಅದರ ಮೇಲೆಯೇ ತಿರುಗಿಸುತ್ತಾಳೆ. ಗಂಡ ಮೇಲಿನ ಕಣಿವೆಯಲ್ಲಿ ಇನ್ನೊಂದು ಹಿಂಡಿನ ಜೊತೆ ಇದ್ದ. ಅವಳಿಗೆ ಬೇಕಾದದ್ದು ಮೇಲೇ ಇರುವುದು, ಅಷ್ಟೆ. ಊರಿನ ಮನೆಯಲ್ಲಿ ಗೋಡೆ ನೋಡಿಕೊಂಡು ಒಂದು ಬೇಸಿಗೆ ಕೂತದ್ದು ಸಾಕಾಗಿದೆ ಎಂದು ಹೋದ ವರ್ಷವೇ ನನಗೆ ಹೇಳಿದ್ದಳು.

ಬೈಕನ್ನು ಹಳೆಯ ಕಂಬಳಿಯ ಮೇಲೆ ಪಕ್ಕಕ್ಕೆ ಮಲಗಿಸಿದೆವು. ಎಂಜಿನ್ನಿನ ಹೊಟ್ಟೆಯಡಿಯಲ್ಲಿ ಎಣ್ಣೆ ಇಳಿಸುವ ಬೋಲ್ಟ್. ಪಾನಾ ಹಾಕಿ ತಿರುಗಿಸಿದರೆ ಸಡಿಲವೂ ಆಗಲಿಲ್ಲ, ಬಿಗಿಯೂ ಆಗಲಿಲ್ಲ, ಸುಮ್ಮನೆ ಸುತ್ತಿತು. ಹಿಡಿತ ತಪ್ಪಿದ ಬೋಲ್ಟಿಗೆ ಸದ್ದಿರುವುದಿಲ್ಲ. ಎಳೆದು ತೆಗೆದಾಗ ಅದರ ತಿರುಪಿನ ಎಳೆಗಳ ನಡುವೆ ಬೆಳ್ಳಿಯ ನೂಲಿನಂಥದ್ದು ಸುತ್ತಿಕೊಂಡು ಬಂತು. ರಂಧ್ರದೊಳಗಿನ ಥ್ರೆಡ್ಡೇ ಕಿತ್ತು ಬಂದಿತ್ತು.

ಅಸಿಲ್‌ಕಾನ್ ಅದನ್ನು ಬೆರಳಲ್ಲಿ ಹಿಡಿದು ನೋಡಿದಳು. "ಎಣ್ಣೆಯ ಚೇಂಬರ್ ಅಲ್ಯೂಮಿನಿಯಂದು, ಮೆತ್ತಗೆ. ಬೋಲ್ಟು..." ಎಂದು ನಿಲ್ಲಿಸಿ, "ಬೋಲ್ಟು ಗಟ್ಟಿಯದು" ಎಂದಳು.

ನಮ್ಮಲ್ಲಿ ಸೊಸೆ ಮಾವನ ಹೆಸರು ಎತ್ತುವುದಿಲ್ಲ. ನಮ್ಮ ಮಾತಿನಲ್ಲಿ ತೆಮಿರ್ ಎಂದರೆ ಕಬ್ಬಿಣ. ಆ ಮನೆಗೆ ಕಾಲಿಟ್ಟಂದಿನಿಂದ ಅವಳ ಬಾಯಲ್ಲಿ ಕಬ್ಬಿಣ ಎಂಬ ಪದ ಬಂದಿಲ್ಲ. ಲಾಳಕ್ಕೂ ಬಾಣಲೆಗೂ ಅವಳು ಗಟ್ಟಿಯದು ಎಂದೇ ಹೇಳುವುದು.

"ಗಟ್ಟಿಯದು ಮೆತ್ತಗಿರೋದನ್ನ ತಿಂದ್ಹಾಕಿದೆ, ಉಸ್ತಾ" ಎಂದಳು. "ನಮ್ಮನೇಲೂ ಅಷ್ಟೆ."

ಹೊರಗೆ ಕಲ್ಲಿನ ಮೇಲೆ ಕೂತಿದ್ದ ಅಜ್ಜ ಕೇಳಿಸದವನಂತೆ ಮೂಗು ಒರೆಸಿಕೊಂಡ.

ನಾನು ಬೋಲ್ಟಿನ ತಲೆ ನೋಡುತ್ತಿದ್ದೆ. ಆರು ಮೂಲೆಗಳೂ ಉರುಟಾಗಿದ್ದವು. ಒಂದು ಗಾತ್ರ ದೊಡ್ಡದಾದ ಪಾನಾದ ಗುರುತು ಅದು. ಎಣ್ಣೆ ಯಾರು ಬದಲಿಸುತ್ತಾರೆ ಎಂದು ಕೇಳಿದೆ. ತಾನೇ, ಈ ಬೇಸಿಗೆಯಲ್ಲಿ ಎರಡೇ ಸಲ, ಬೈಕಿನ ಜೊತೆ ಬಂದ ಪಾನಾದಿಂದಲೇ ಎಂದಳು. ಹಾಗೆಂದು ಅದನ್ನು ತೆಗೆದೂ ತೋರಿಸಿದಳು. ಅದು ಬೋಲ್ಟಿಗೆ ಸರಿಯಾಗಿ ಕೂರುತ್ತಿತ್ತು. ಎರಡು ಸಲಕ್ಕೆ ಇಷ್ಟು ಸವೆಯುವುದಿಲ್ಲ. ಬೋಲ್ಟನ್ನು ಪಕ್ಕಕ್ಕಿಟ್ಟೆ.

ಮಾಡಬೇಕಾದದ್ದು ಇಷ್ಟು. ಹಾಳಾದ ರಂಧ್ರವನ್ನು ಸ್ವಲ್ಪ ದೊಡ್ಡದು ಮಾಡಿ, ಅದರಲ್ಲಿ ಹೊಸ ಎಳೆ ಕೊರೆದು, ಆ ಎಳೆಗೆ ಉಕ್ಕಿನ ತಂತಿಯ ಸುರುಳಿಯೊಂದನ್ನು ತಿರುಪಿ ಕೂರಿಸುವುದು. ಆಮೇಲೆ ಬೋಲ್ಟು ಮೆತ್ತನೆಯ ಚೇಂಬರನ್ನು ಮುಟ್ಟುವುದೇ ಇಲ್ಲ, ಸುರುಳಿಯೊಳಗೇ ಓಡಾಡುತ್ತದೆ. ದೊಡ್ಡ ಬೋಲ್ಟನ್ನು ಒತ್ತಿ ತುರುಕಿ ಕಳಿಸುವವರೂ ಇದ್ದಾರೆ. ಅದು ಸುಳ್ಳು ಪ್ರಮಾಣದಂತೆ, ಒಂದು ಚಳಿಗಾಲ ನಡೆಯುತ್ತದೆ.

ಬಿಸ್ಮಿಲ್ಲಾ ಎಂದು ಡ್ರಿಲ್ ಹಿಡಿದೆ. ಅಸಿಲ್‌ಕಾನ್ ಪಕ್ಕದಲ್ಲಿ ಕೂತು, ಡ್ರಿಲ್ ಓರೆಯಾಗುತ್ತದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿ ಹೇಳುತ್ತಿದ್ದಳು. ಎಳೆ ಕೊರೆಯುವ ಟ್ಯಾಪಿಗೆ ಗ್ರೀಸ್ ಮೆತ್ತಿದೆ, ಚೂರುಗಳು ಒಳಗೆ ಬೀಳದೆ ಅದಕ್ಕೇ ಅಂಟಲಿ ಎಂದು. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ನಮ್ಮ ತಾಯಿ ಒಲೆಯ ಮುಂದೆ ಹಳೆಯ ಪದ್ಯ ಹೇಳುವಾಗ ಹೀಗೆಯೇ ಒಂದು ಸಾಲು ಹೋಗಿ ಅರ್ಧ ಸಾಲು ಹಿಂದಕ್ಕೆ ಬರುತ್ತಿದ್ದಳು. ಕೈಗೆ ಆ ಲಯ ಬಂದುಬಿಟ್ಟರೆ ಟ್ಯಾಪ್ ಮುರಿಯುವುದಿಲ್ಲ. ಮೂರು ಸಲ ಹೊರತೆಗೆದು ಒರೆಸಿದೆ. ಮೇಲಿನಿಂದ ಒಂದು ಲೋಟ ಎಣ್ಣೆ ಹುಯ್ದು ಉಳಿದ ಚೂರನ್ನೆಲ್ಲ ತೊಳೆದೆವು. ರಂಧ್ರದ ಬಾಯನ್ನು ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿ, ಸುರುಳಿಗೆ ಅಂಟು ಹಚ್ಚಿ, ತಿರುಪಿ ಕೂರಿಸಿ, ಅದರ ಬಾಲದ ತುಂಡನ್ನು ಇಕ್ಕಳದಲ್ಲಿ ಮುರಿದು ತೆಗೆದೆ. ಅಂಟು ಒಣಗಬೇಕಿತ್ತು. ಅಷ್ಟರಲ್ಲಿ ಮಧ್ಯಾಹ್ನದ ನಮಾಜಿನ ಹೊತ್ತಾಯಿತು.

ಅಂಗಡಿಯ ಹಿಂದೆ ಚಾಪೆ ಹಾಸಿದೆ. ಅಜ್ಜ ಬೂಟು ಕಳಚಲು ಬಗ್ಗಿದ. ಉದ್ದನೆಯ ಬೂಟು. ನಮ್ಮ ಗಂಡಸರು ಅದರ ಕೊಳವೆಯಲ್ಲಿ ಚಾಟಿಯನ್ನೋ ಚಾಕುವನ್ನೋ ಸಿಕ್ಕಿಸಿಕೊಂಡಿರುತ್ತಾರೆ. ಎಡಗಾಲಿನದು ಕಳಚುತ್ತಿದ್ದಂತೆ ಒಳಗಿನಿಂದ ಒಂದು ಪಾನಾ ಜಾರಿ ಕಲ್ಲಿನ ಮೇಲೆ ಠಣ್ಣೆಂದು ಬಿತ್ತು. ಹಳೆಯ ಟ್ರ್ಯಾಕ್ಟರಿನದು, ಒಂದು ಗಾತ್ರ ದೊಡ್ಡದು.

ಇಬ್ಬರೂ ಅದನ್ನು ನೋಡಿದೆವು. ನಮಾಜು ಮೊದಲು ಎಂದು ನಾನು ಮುಂದೆ ನಿಂತೆ.

ಸಲಾಂ ಹೇಳಿ ಮುಗಿಸಿದ ಮೇಲೆ, ಅದು ಯಾವ ಕೆಲಸಕ್ಕೆ ಎಂದು ಕೇಳಿದೆ. ಅಜ್ಜ ಮುಚ್ಚಿಡಲಿಲ್ಲ. ಸೊಸೆ ಚಹಾ ಕಾಯಿಸುವ ಹೊತ್ತಿಗೆ ದಿನಾ ಬೆಳಿಗ್ಗೆ ಬೈಕಿನ ಅಡಿಗೆ ಹೋಗಿ ಆ ಬೋಲ್ಟನ್ನು ಒಂದು ಸಲ ಬಿಗಿಯುತ್ತೇನೆ ಎಂದ. ಅವಳು ಹಿಂಡಿನ ಮುಂದೆ ಒಂದು ಸುತ್ತು ಹೋಗಿ ಬಂದ ಮೇಲೆ ಇನ್ನೊಂದು ಸಲ.

"ಯಾಕಜ್ಜಾ?"

ಯಾಕೆ ಎಂದು ಕೇಳಬೇಕೇ ಎಂಬಂತೆ ನನ್ನನ್ನು ನೋಡಿದ. "ಜೀನು ಕಟ್ಟೋವಾಗ ಕುದುರೆ ಹೊಟ್ಟೆ ಉಬ್ಬಿಸ್ಕೊಂಡಿರತ್ತೆ. ನೂರು ಹೆಜ್ಜೆ ಹೋದ್ಮೇಲೆ ಇಳಿಯತ್ತೆ. ಆವಾಗ ಇನ್ನೊಂದ್ಸಲ ಬಿಗೀಬೇಕು. ನಿಮ್ಮವ್ವ ಹೇಳ್ತಿದ್ದ ಪದದಲ್ಲೇ ಇದೆಯಲ್ಲೋ."

ಇತ್ತು. ಕಥಾವೀರ ಜೀನಿನ ಪಟ್ಟಿಯನ್ನು ಎರಡು ಸಲ ಬಿಗಿಯದೆ ಯುದ್ಧಕ್ಕೆ ಹೊರಡುವುದಿಲ್ಲ.

"ಆವತ್ತು ಅವಳ ಕುದುರೆಗೆ ಜೀನು ಕಟ್ಟಿದ್ದು ನಾನೇ" ಎಂದ ಅಜ್ಜ. "ಯಾರೋ ಕೂಗಿದ್ರು, ಆ ಕಡೆ ಹೋದೆ. ಎರಡನೇ ಸಲ ಬಿಗೀಲಿಲ್ಲ."

ಚಾಪೆಯ ಅಂಚಿನ ದಾರವನ್ನು ಅವನ ಬೆರಳು ಎಳೆಯುತ್ತಿತ್ತು. ಬೋಲ್ಟಿಗೆ ಹೊಟ್ಟೆಯಿಲ್ಲ, ಅದು ಉಬ್ಬುವುದೂ ಇಲ್ಲ, ಇಳಿಯುವುದೂ ಇಲ್ಲ ಎಂದು ನಾನು ನಿಧಾನವಾಗಿ ಹೇಳಿದೆ. ಒಮ್ಮೆ ಬಿಗಿದರೆ ಮುಗಿಯಿತು. ಅದರ ಮೇಲೆ ಬಿಗಿದದ್ದೆಲ್ಲ ಚೇಂಬರಿನ ಮಾಂಸ ಕೀಳುತ್ತದೆ.

ಅಜ್ಜ ದಾರ ಬಿಟ್ಟು ನನ್ನ ಕಡೆ ತಿರುಗಿದ. "ಹಂಗಾದ್ರೆ ಒರತೇಲಿ ಎಣ್ಣೆ ಸುರಿಸಿದ್ದು ನಾನೇನಾ?"

"ಹೌದಜ್ಜಾ."

ಹಿಂಬಾಗಿಲು ತೆರೆದೇ ಇತ್ತು. ಅಸಿಲ್‌ಕಾನ್ ಕುಂಟುತ್ತಾ ಹೊರಗೆ ಬಂದಳು. ಒಂದು ಬಟ್ಟಲು ಚಹಾ ಬಗ್ಗಿಸಿ, ಎರಡು ಒಣಮೊಸರಿನ ಉಂಡೆ ಇಟ್ಟು, ಎರಡೂ ಕೈಯಲ್ಲಿ ಮಾವನ ಮುಂದೆ ಹಿಡಿದಳು. ಅವನು ಅವಳ ಮುಖ ನೋಡದೆ ತೆಗೆದುಕೊಂಡ. ಅವಳು ನೆಲದ ಮೇಲಿದ್ದ ಪಾನಾವನ್ನು ಎತ್ತಿ, ಮಣ್ಣು ಒರೆಸಿ, ಅವನ ಬೂಟಿನೊಳಗೆ ವಾಪಸು ಇಟ್ಟಳು.

ಒಳಗೆ ಹೋಗಿ ಹೊಸ ತಾಮ್ರದ ವಾಷರ್ ಹಾಕಿ ಹೊಸ ಬೋಲ್ಟನ್ನು ಬೆರಳಲ್ಲೇ ಕೊನೆಯವರೆಗೂ ತಿರುಗಿಸಿದೆ. ಆಮೇಲೆ ಚಿಕ್ಕ ಪಾನಾದಿಂದ, ತೋಳಿನ ಬಲವಿಲ್ಲದೆ ಮಣಿಕಟ್ಟಿನಲ್ಲಿ ಮಾತ್ರ, ವಾಷರ್ ಒತ್ತಿದ್ದು ಕೈಗೆ ತಿಳಿಯುವವರೆಗೆ. ಎಣ್ಣೆ ತುಂಬಿ, ಎಂಜಿನ್ ಓಡಿಸಿ, ಅಡಿಯಲ್ಲಿ ಬಿಳಿ ಬಟ್ಟೆ ಹಾಸಿದೆವು. ಕಾಲು ಗಂಟೆಯಾದರೂ ಬಟ್ಟೆ ಬಿಳಿಯಾಗಿಯೇ ಇತ್ತು.

ಕೊನೆಗೆ ಬಿಳಿ ಬಣ್ಣ ತೆಗೆದುಕೊಂಡು, ಬೋಲ್ಟಿನ ತಲೆಯಿಂದ ಚೇಂಬರಿನವರೆಗೆ ಒಂದೇ ಗೆರೆ ಎಳೆದು ಅಜ್ಜನನ್ನು ಕರೆದೆ. ಅವನು ಮಂಡಿಯೂರಿ ನೋಡಿದ.

"ಈ ಗೆರೆ ನೇರ ಇರೋವರೆಗೂ ಬಿಗಿ ಇದೆ ಅಂತ ಲೆಕ್ಕ" ಎಂದೆ. "ತಪ್ಪಿದ್ರೆ ನನ್ನ ಹತ್ರ ಕಳಿಸಿ. ದಿನಾ ಬೆಳಿಗ್ಗೆ ನೋಡೋರು ಒಬ್ರು ಬೇಕು. ನೋಡೋದಷ್ಟೇ."

"ನೂರು ಹೆಜ್ಜೆ ಆದ್ಮೇಲೆ?"

"ಆವಾಗ್ಲೂ ನೋಡಿ."

ಒಳಗೆ ಸುರುಳಿ ಯಾವುದರದು ಎಂದು ಅಜ್ಜ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಅಸಿಲ್‌ಕಾನ್, "ಗಟ್ಟಿಯದೇ" ಎಂದಳು.

ಅವಳು ಬೈಕ್ ಹತ್ತಿದಳು. ಅಜ್ಜ ಕಾಯುತ್ತಿದ್ದ ಲಾರಿಯನ್ನು ಹತ್ತದೆ ಅವಳ ಹಿಂದೆಯೇ ನಡೆದ. ನೂರು ಹೆಜ್ಜೆ ಆಗಿ ಕವಲು ಬಂದಾಗ ಕೈ ಮೇಲೆತ್ತಿದ. ಅವಳು ಕನ್ನಡಿಯಲ್ಲಿ ಕಂಡು ನಿಲ್ಲಿಸಿದಳು. ಅವನು ರಸ್ತೆಯ ಧೂಳಿನಲ್ಲಿ ಕುಕ್ಕರಗಾಲಲ್ಲಿ ಕೂತು, ತಲೆ ಓರೆ ಮಾಡಿ, ಬೈಕಿನ ಅಡಿಯನ್ನು ಬಹಳ ಹೊತ್ತು ನೋಡಿದ. ಕೈಗಳೆರಡೂ ಬೆನ್ನ ಹಿಂದೆ ಒಂದನ್ನೊಂದು ಹಿಡಿದುಕೊಂಡಿದ್ದವು. ಎದ್ದು, ಸರಿಯಿದೆ ಎಂಬಂತೆ ಗಡ್ಡ ಆಡಿಸಿದ. ಅವಳು ಮೇಲಿನ ದಾರಿಗೆ ತಿರುಗಿಸಿದಳು.